ಹನ್ನೆರಡನೆಯ ಕಾಲು

ಮಂಗಳವಾರ ನಮ್ಮಲ್ಲಿ ಕಾಲಿನ ವಾರ.
ಲಾಪಾಹಾದ ಆರೋಗ್ಯಕೇಂದ್ರದ ತಗಡಿನ ಮಾಡಿನ ಕೆಳಗೆ
ಬೆಂಚಿನುದ್ದಕ್ಕೂ ಕಾಯುತ್ತವೆ
ಚಪ್ಪಲಿ ಕಳಚಿದ ಪಾದಗಳು.
ಮುಖ ಆಮೇಲೆ; ನನಗೆ ಕಾಲೇ ಗುರುತು.
ಇದು ಬೇಕರಿಯ ಹೆಂಗಸು, ಹೆಬ್ಬೆರಳ ಉಗುರು ಹಳದಿ.
ಇದು ದೋಣಿಯ ಫಿನೌ, ಬೆರಳಸಂದಿಯಲ್ಲಿ ಬಿಳಿ ಬೂಷ್ಟು.
ಮೊಣಕಾಲ ಕೆಳಗೆ ಕಾಸಿನಗಲದ ಕಂದು ಕಲೆಗಳು,
ಅದು ನನ್ನ ಚಿಕ್ಕಮ್ಮ, ಮಾತು ಕೇಳದವಳು.

ಈ ವಾರ ಹೊಸ ಕಾಲೊಂದು ಬಂತು.
ಪಸಿಲಿಯೊ. ಎಪ್ಪತ್ತೊಂದು. ಸಕ್ಕರೆಗೆ ಹದಿನೆಂಟು ವರ್ಷ.
"ಕಾಯಿಲೆಗೆಂದು ಬಂದವನಲ್ಲ ಮಗಳೇ.
ನಾಡಿದ್ದು ಗುರುವಾರ ಪಾದ್ರಿಗಳು
ಹನ್ನೆರಡು ಜನರ ಕಾಲು ತೊಳೆಯುತ್ತಾರೆ.
ಈ ವರ್ಷ ನನ್ನ ಹೆಸರು ಬಂದಿದೆ.
ಒಂಚೂರು ಚೊಕ್ಕ ಮಾಡಿಕೊಡು.
ತೊಳೆಯುವವರ ಕೈಗೆ ಕೊಳಕು ಕಾಲು ಕೊಡಬಾರದಲ್ಲ."

ತೊಳೆಸಿಕೊಳ್ಳಲೆಂದೇ ತೊಳೆದುಕೊಂಡು ಬಂದಿದ್ದ.
ಮೇಲೆ ಸಾಬೂನಿನ ವಾಸನೆ,
ಅದರಡಿ ತೆಂಗಿನೆಣ್ಣೆ,
ಅದರಡಿ ಇನ್ನೊಂದು.
ಮೂಗು ಬಲ್ಲದು. ಬಾಯಿ ಸುಮ್ಮನಿತ್ತು.

ಹಿಮ್ಮಡಿ ಒಡೆದು ಆಮೆಯ ಬೆನ್ನಾಗಿದೆ.
ಕಣಕಾಲ ಚರ್ಮ ಉಜ್ಜಿದರೆ
ಮೀನಿನ ಪೊರೆಯಂತೆ ಉದುರುತ್ತದೆ.
ಹೊರಗಂಟಿನ ಮೇಲೆ ಕಪ್ಪು ದಡ್ಡು:
ತೊಂಗಾದಲ್ಲಿ ಚಾಪೆಯೇ ಸಿಂಹಾಸನ,
ಐವತ್ತು ವರ್ಷ ಚಕ್ಕಳಮಕ್ಕಳ ಕೂತು
ಕಾವಾ ಕುಡಿದು ಬೆಳಗಿನವರೆಗೆ ಹಾಡಿದವನ ಪದಕ ಅದು.
ಎಡ ಹೆಬ್ಬೆರಳ ಬುಡದಲ್ಲಿ ಒಂದು ಆಣಿ,
ಕವಡೆಯಷ್ಟು, ಕವಡೆಯಷ್ಟೇ ನಯ.

ನೈಲಾನ್ ಎಳೆ ಹಿಡಿದು, ಬಾಗುವಷ್ಟು ಒತ್ತಿದೆ.
"ಗೊತ್ತಾದಾಗ ಹ್ಞೂಂ ಅನ್ನಿ."
ಕಣ್ಣು ಮುಚ್ಚಿದ, ಜಪಕ್ಕೆ ಕೂತವನ ಹಾಗೆ.
ಹೆಬ್ಬೆರಳು. ಮೌನ.
ಕಿರುಬೆರಳು. ಮೌನ.
ಅಂಗಾಲು. ಹೊರಗೆ ಹಂದಿಮರಿಗಳು ಓಡಿಹೋದವು. ಮೌನ.
"ಇನ್ನೂ ಶುರು ಮಾಡಲಿಲ್ಲವೇ?" ಎಂದ.

ಬ್ಲೇಡು ಹಿಡಿದು ಆಣಿಯನ್ನು ಪದರ ಪದರ ಕೆತ್ತಿದೆ.
ಮೂರನೆಯದರಡಿ ಬಾಗಿಲು ತೆರೆಯಿತು:
ಕೀವು, ಕಪ್ಪು ನೆತ್ತರು,
ಅದರೊಳಗೆ ಚಿಪ್ಪಿನ ಚೂರೊಂದು,
ಅಕ್ಕಿಕಾಳಿನಷ್ಟು. ಇನ್ನೂ ಬೆಳ್ಳಗೆ.
ಅಂಗೈಗೆ ಹಾಕಿಸಿಕೊಂಡ.
ಬಹಳ ದಿನಕ್ಕೆ ಸಿಕ್ಕ ನೆಂಟನನ್ನು ನೋಡುವಂತೆ ನೋಡಿದ.
"ಇಳಿತದ ದಿನ ಹವಳದ ಬಂಡೆಗೆ ಹೋಗಿದ್ದೆವು,
ಚಿಪ್ಪು ಆಯಲು, ಲೋಸೇ ಮತ್ತು ನಾನು.
ಕ್ರಿಸ್‌ಮಸ್ಸಿಗೂ ಮುಂಚೆ."

ಈಗ ಈಸ್ಟರ್.
ನಾಲ್ಕು ತಿಂಗಳು ಅದರ ಮೇಲೆ ನಡೆದಿದ್ದಾನೆ,
ಮೊಮ್ಮಗಳ ಮದುವೆಯಲ್ಲಿ ಕುಣಿದಿದ್ದಾನೆ.
ಬಾಗಿಲಲ್ಲಿ ಕಟ್ಟಿದ ನೋವೆಂಬ ನಾಯಿ
ಒಂದು ಸಲವೂ ಬೊಗಳಿಲ್ಲ.
ಅದು ಸತ್ತದ್ದು ಯಾವಾಗ,
ಮನೆಯವನಿಗೇ ಗೊತ್ತಿಲ್ಲ.

ಹೇಳುವುದನ್ನೆಲ್ಲ ಹೇಳಿದೆ:
ಕಾಲು ನೆನೆಸಬೇಡಿ. ಬರಿಗಾಲು ಬೇಡ, ಮನೆಯೊಳಗೂ.
ಬಿಸಿನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡಿ,
ಕಾಲಿನ ಸಾಕ್ಷಿ ನಂಬಬೇಡಿ.
ನಾಳೆಯೇ ನುಕುಅಲೋಫಾದ ದೊಡ್ಡಾಸ್ಪತ್ರೆ.
"ಮತ್ತೆ ಗುರುವಾರ?"
ನನಗೆ ಸುಳ್ಳು ಬರುವುದಿಲ್ಲ,
ನಿಜವೂ ಅಷ್ಟಾಗಿ ಬರುವುದಿಲ್ಲ.
"ಬಿಟ್ಟರೆ, ಬಲಗಾಲು ಕೊಡಿ" ಎಂದೆ.

ಬಿಡಲಿಲ್ಲ.

ಗುರುವಾರ ಸಂಜೆ ಚರ್ಚಿನ ಬಾಗಿಲಲ್ಲಿ ನಿಂತಿದ್ದೆ;
ನಾನು ಬೇರೆ ಸಭೆಯವಳು.
ಹನ್ನೆರಡು ಕುರ್ಚಿ, ಹನ್ನೊಂದು ಗಂಡಸರು,
ಕೊನೆಯದರಲ್ಲಿ ಲೋಸೇ,
ಗಂಡನ ಹಳೆಯ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು.
ಮಳೆತೊಟ್ಟಿಯ ನೀರು, ಹೂಜಿಯಲ್ಲಿಟ್ಟು ತಣ್ಣಗಾದದ್ದು.
ಪಾದ್ರಿ ಸುರಿದಂತೆಲ್ಲ
ಬೆರಳುಗಳು ಮುದುಡಿದವು, ನಾಚಿ ಮತ್ತೆ ಬಿಚ್ಚಿಕೊಂಡವು.
ಅಭ್ಯಾಸಬಲ, ಎಣಿಸಿದೆ: ಹನ್ನೊಂದು ಸಲ.

ಲೋಸೇಯ ಕಾಲಿಗೆ ನೀರು ಬಿತ್ತು.
ಬೆರಳು ಕದಲಲಿಲ್ಲ.
ಒರೆಸಿದರು. ಬಗ್ಗಿ ಮುತ್ತಿಟ್ಟರು.
ಅವಳು ಇನ್ನೂ ದೇವಪೀಠದ ಕಡೆಗೇ ಮುಖವೆತ್ತಿ
ಕಾಯುತ್ತಿದ್ದಳು,
ನೀರು ಬೀಳಲೆಂದು.

ಬಂಡೆಗೆ ಇಬ್ಬರೂ ಹೋಗಿದ್ದರಲ್ಲ.